ಲೋಗೊಮಾಲುವಿನ ಗಂಟಲು

ಫಗಲೇಲೆ, ಸವಾಯಿ ದ್ವೀಪ
ಮಂಗಳವಾರ, ಅಕ್ಟೋಬರ್ ೧೪

ಪ್ರೀತಿಯ ಮಗಳೇ ಫಿಲೆಮು,

ದೇವರ ದಯೆಯಿಂದ ನಾವಿಬ್ಬರೂ ಉಸಿರಾಡಿಕೊಂಡಿದ್ದೇವೆ. ನಾನು ಮೂಗಿನಿಂದ, ನಿನ್ನ ಅಪ್ಪ ಕುತ್ತಿಗೆಯ ತೂತಿನಿಂದ. ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಿಮೆಂಟು ನೆಲದ ಮೇಲೆ ನಿಂತೇ ಇರಬೇಕು ಎಂದು ಹೇಳಿದ್ದೆ. ಕಾಲಡಿಗೆ ಒಂದು ರಬ್ಬರ್ ಚಾಪೆ ಹಾಕಿಸಿಕೊಡಿ ಎಂದು ಕೇಳು, ನನ್ನ ಹಾಗೆ ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ನಿಲ್ಲಬೇಡ. ಅನಿವಾಳ ಫೋಟೋ ತಲುಪಿತು. ಹತ್ತು ವರ್ಷಕ್ಕೇ ಎಷ್ಟು ಎತ್ತರ ಬೆಳೆದಿದ್ದಾಳೆ. ಹಣೆ ನಿನ್ನದು, ನಗು ಯಾರದೆಂದು ನಿನಗೇ ಗೊತ್ತು, ಗದ್ದ ಮಾತ್ರ ನಿನ್ನ ಅಪ್ಪನದೇ ಬಂದಿದೆ, ಏನು ಮಾಡುವುದು. ಮೊನ್ನೆ ಮಕ್ಕಳ ಭಾನುವಾರ. ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಚರ್ಚಿನಲ್ಲಿ ಸಾಲಾಗಿ ನಿಂತು ವಾಕ್ಯ ಒಪ್ಪಿಸಿದರು. ಎತ್ತರ ನೋಡಿ, ನಮ್ಮ ಹುಡುಗಿ ಇದ್ದಿದ್ದರೆ ಬಲಗಡೆಯಿಂದ ಎಷ್ಟನೆಯವಳಾಗಿ ನಿಲ್ಲುತ್ತಿದ್ದಳು ಎಂದು ಲೆಕ್ಕ ಹಾಕುತ್ತಾ ಕೂತೆ. ಆರನೆಯವಳು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ನಮ್ಮ ಮನೆಗೆ ಕಂಬಗಳಿವೆ, ಗೋಡೆಗಳಿಲ್ಲ. ನಾನು ಫೋನು ಕಿವಿಗಿಟ್ಟರೆ ರಸ್ತೆಯಾಚೆಯ ಅಂಗಡಿಯವರೂ ಮಾತು ನಿಲ್ಲಿಸುತ್ತಾರೆ. ಜೊತೆಗೆ ಗದ್ದೆಗೆ ಹೋದ ಹೊತ್ತು ಬಿಟ್ಟರೆ ನಿನ್ನ ಅಪ್ಪ ಇಲ್ಲೇ ಇರುತ್ತಾರೆ. ಡಾಕ್ಟರು ತೆಗೆದದ್ದು ಧ್ವನಿಪೆಟ್ಟಿಗೆ, ಕಿವಿಯನ್ನಲ್ಲ. ಪಾದ್ರಿಯ ತಂಗಿ ಇವತ್ತು ಆಕ್ಲೆಂಡಿಗೆ ಹೊರಟಿದ್ದಾಳೆ. ಮಧ್ಯಾಹ್ನದ ಬಸ್ಸು ಹಿಡಿದು ದೋಣಿಗಟ್ಟೆಗೆ ಹೋಗುತ್ತಾಳೆ. ಅವಳ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಅವಳು ಒಡೆದು ಓದುವವಳಲ್ಲ, ಓದಿದರೂ ಅವಳ ಅಣ್ಣನ ಮನೆಯ ಗುಟ್ಟೂ ನನಗೆ ಗೊತ್ತಿದೆ.

ಅಪ್ಪನ ಮಾತಿನ ಯಂತ್ರ ಹೇಗಿದೆ ಎಂದು ಕೇಳಿದ್ದೆ. ಯಂತ್ರ ಚೆನ್ನಾಗಿದೆ. ಫೆಬ್ರವರಿಯಲ್ಲಿ ದೋಣಿಯಿಂದಿಳಿದು ಬಂದಾಗ ನಿನ್ನ ಅಪ್ಪ ಅದನ್ನು ಅಂಗಿಯ ಮೇಲುಜೇಬಿನಲ್ಲಿ, ಬೇರೆಯವರು ಪ್ರಾರ್ಥನೆಯ ಪುಸ್ತಕ ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡಿದ್ದರು. ಕೆನ್ನೆ ಬೋಳಿಸುವ ಯಂತ್ರದಷ್ಟೇ ಗಾತ್ರ. ಇದಕ್ಕಾ ಇಷ್ಟು ಸುದ್ದಿ ಅಂದುಕೊಂಡೆ. ಅಲ್ಲಿ ಆಕ್ಲೆಂಡಿನಲ್ಲಿ ಹದಿನಾಲ್ಕು ವಾರ ನೀನು ಕೆಲಸ ಮುಗಿಸಿ ದಿನವೂ ಆಸ್ಪತ್ರೆಗೆ ಓಡಿ, ಅವರ ಕುತ್ತಿಗೆಯ ತೂತು ಒರೆಸಿ, ಯಂತ್ರವನ್ನು ದವಡೆಯ ಕೆಳಗೆ ಎಲ್ಲಿ ಒತ್ತಬೇಕು, ಗುಂಡಿ ಯಾವಾಗ ಅಮುಕಬೇಕು ಎಂದು ಕಲಿಸಿ ಕಳಿಸಿದ್ದೆ. ಅಂಥ ಮಗಳು. ಮನೆಗೆ ಬಂದು ಚಾಪೆಯ ಮೇಲೆ ಕೂತು ಅವರು ಅದನ್ನು ಕುತ್ತಿಗೆಗೆ ಒತ್ತಿದಾಗ ಮೊದಲು ನಿನ್ನ ಹೆಸರು ಬರುತ್ತದೆ ಎಂದು ಉಸಿರು ಹಿಡಿದು ಕಾದೆ. ಗುಂಡಿ ಅಮುಕಿದರು. ಡಬ್ಬದೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಗುಂಯ್ ಎಂದಿತು. ಬಂದ ಮಾತು, ‘ಕೋಕೋಗೆ ಸಕ್ಕರೆ ಕಮ್ಮಿ’ ಎಂದು. ಸಕ್ಕರೆ ಹಾಕಿ ಕೊಟ್ಟೆ. ನಿನ್ನ ಹೆಸರು ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಅವರ ಹಳೆಯ ಧ್ವನಿ ನಿನಗೆ ನೆನಪಿದೆ. ಹನ್ನೆರಡು ಹಳ್ಳಿಗಳ ಮಾತುಗಾರ ನಾಯಕರಲ್ಲಿ ಲೋಗೊಮಾಲು ಎಂಬ ಬಿರುದು ಹೊತ್ತ ನಿನ್ನ ಅಪ್ಪನ ಮಾತೇ ಮಾತು ಎಂದು ಜನ ಹೇಳುತ್ತಿದ್ದ ಕಾಲ. ಆದರೆ ಒಂದು ದಿನದ ಮಾತು ನಿನಗೆ ಕೇಳಿಸಿಲ್ಲ. ನೀನು ಆಗ ಅಡುಗೆಯ ಚಾವಣಿಯಡಿ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದೆ. ನಾನು ಬೇರೆ ಹೆಂಗಸರ ಜೊತೆ ಊರಿನ ನಾಯಕರ ಸಭೆಯ ಮನೆಯ ಹೊರಗೆ, ಕಲ್ಲಿನ ಮೇಲೆ ಕೂತು ಕೇಳಿದೆ. ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. ಮದುವೆಯಿಲ್ಲದೆ ಬಸಿರಾದದ್ದಕ್ಕೆ ಸಭೆ ದಂಡ ಹಾಕಿ ಬಿಟ್ಟುಬಿಡುತ್ತಿತ್ತು, ಫಿಲೆಮು. ಗಂಡಸಿನ ಹೆಸರು ಹೇಳುವುದಿಲ್ಲ ಎಂದು ನೀನು ಹಟ ಹಿಡಿದದ್ದಕ್ಕೂ ಹೆಚ್ಚೆಂದರೆ ಎರಡು ಹಂದಿ ಕೇಳುತ್ತಿದ್ದರು. ಸಭೆಯ ತಲೆಯಾದ ಹಿರಿಯ ನಾಯಕರು ಆಗಲೇ ಹಾಗೆ ಅರ್ಧ ಹೇಳಿದ್ದರು. ಆಗ ನಿನ್ನ ಅಪ್ಪ ಎದ್ದರು. ‘ನನ್ನ ಮನೆಯ ಚಾಪೆಯಲ್ಲಿ ಒಂದು ಎಳೆ ಕೊಳೆತಿದೆ. ನಾನೇ ನೇಯ್ದದ್ದು, ನಾನೇ ಕೀಳ್ತೇನೆ. ಊರಿನ ಕೈ ಕೊಳೆಯಾಗೋದು ಬೇಡ’ ಎಂದರು. ಅಲ್ಲಿಂದ ಅರ್ಧ ಗಂಟೆ ಮಾತಾಡಿದರು. ನಿನ್ನನ್ನು ಊರಿನಿಂದ ಹೊರಗೆ ಹಾಕಿ ಎಂದು ಕೇಳಿದವರು ಅವರೇ, ಬೇರೆ ಯಾರೂ ಅಲ್ಲ. ಸಭೆಯಲ್ಲಿ ಮುದುಕರು ಕಣ್ಣೊರೆಸಿಕೊಂಡರು. ನನ್ನ ಪಕ್ಕದ ಹೆಂಗಸರು ಬಿಕ್ಕಿದರು. ನಾನೂ ಅತ್ತೆ. ನಿನಗಾಗಿ ಅಳಲಿಲ್ಲ, ಅದನ್ನು ಹೇಳಿಯೇ ಬಿಡುತ್ತೇನೆ. ಅವರು ಅಷ್ಟು ಚೆನ್ನಾಗಿ ಮಾತಾಡಿದರು ಎಂದು ಅತ್ತೆ. ಮನೆಗೆ ಬಂದು ನಿನ್ನ ಬಟ್ಟೆ ಗಂಟು ಕಟ್ಟುವಾಗ ಹೊಳೆಯಿತು, ಚಾಪೆ ನೇಯುವವರು ಹೆಂಗಸರು. ಆ ಮನುಷ್ಯ ಜನ್ಮದಲ್ಲಿ ಒಂದು ಎಳೆ ಮಡಿಸಿದವರಲ್ಲ.

ಆದ್ದರಿಂದ ಊರು ನಗಲು ಶುರು ಮಾಡಿದಾಗ ನನಗೆ ಹೊಟ್ಟೆ ಉರಿಯಿತೆಂದು ತಿಳಿಯಬೇಡ. ಮೊದಲು ನಕ್ಕಿದ್ದು ನಾಯಿಗಳು. ಅಂದರೆ ಯಂತ್ರದ ಸದ್ದಿಗೆ ಊರಿನ ನಾಯಿಗಳೆಲ್ಲ ಸೇರಿ ಬೊಗಳುತ್ತಿದ್ದವು. ಅವರು ‘ಹಚಾ’ ಎನ್ನಲು ಗುಂಡಿ ಅಮುಕಿದರೆ ಇನ್ನೂ ಜೋರಾಗುತ್ತಿತ್ತು. ಆಮೇಲೆ ಮಕ್ಕಳು ಖಾಲಿ ಡಬ್ಬದ ಮುಚ್ಚಳ ಕುತ್ತಿಗೆಗೆ ಒತ್ತಿಕೊಂಡು ಮೂಗಿನಲ್ಲಿ ಗುಂಯ್‌ಗುಟ್ಟುವ ಆಟ ಕಂಡುಹಿಡಿದರು. ಗಂಡಸರು ಮೋಟಾರುದೋಣಿ ಎಂದು ಹೆಸರಿಟ್ಟರು. ‘ಮೋಟಾರುದೋಣಿ ಬರ್ತಾ ಇದೆ, ದಾರಿ ಬಿಡ್ರೋ’, ‘ಇವತ್ತು ಪೆಟ್ರೋಲ್ ಹಾಕಿಸ್ಕೊಂಡಿಲ್ಲ ಅನ್ಸುತ್ತೆ, ಸದ್ದೇ ಇಲ್ಲ’. ಎದುರಿಗೇ ಹೇಳುತ್ತಿದ್ದರು. ಹಿಂದೆ ಅವರೆದುರು ಕೆಮ್ಮಲೂ ಹೆದರುತ್ತಿದ್ದವರು. ಸಮುದ್ರಕ್ಕೂ ಇಳಿಯುವ ಹಾಗಿಲ್ಲ. ಒಂದು ಬೊಗಸೆ ನೀರು ಆ ತೂತಿಗೆ ಹೋದರೆ ಮಂಡಿಯಾಳದಲ್ಲಿ ನಿಂತೇ ಮುಳುಗಿ ಸಾಯುತ್ತಾರಂತೆ. ಬೇರೆಯವರು ಮೀನಿಗೆ ಇಳಿದಾಗ ದಡದಲ್ಲಿ ಹೆಂಗಸರ ಜೊತೆ ಬುಟ್ಟಿ ಕಾಯುತ್ತಾ ಕೂರುತ್ತಾರೆ. ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಭಾನುವಾರ ಕಾದ ಕಲ್ಲಿನ ಒಲೆ ಬಿಚ್ಚಿ, ಕೆಸುವಿನೆಲೆಯ ಪೊಟ್ಟಣ ತೆಗೆದು ಮುಂದಿಟ್ಟರೂ ಮುಖ ಅರಳುವುದಿಲ್ಲ. ಮೀನು ಕೆಟ್ಟಿದೆಯೇ ಎಂದು ನಾನೇ ಮೂಸಿ ನೋಡಿ ಬಡಿಸಬೇಕು. ಒಂದು ದಿನ ಮೂಸಿ ನೋಡಿಯೂ ಬಡಿಸಿದೆ. ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು, ನಾನೇ ಗಂಜಿ ಕುಡಿಸಿದೆ.

ಈಗ ಚರ್ಚು ತೆರೆದ ದಿನದ ಸುದ್ದಿ. ಆಗಸ್ಟಿನಲ್ಲಿ ಹೊಸ ಚರ್ಚಿಗೆ ಮಾಡು ಹಾಕಿ ಮುಗಿಯಿತು. ಉಪೋಲು ದ್ವೀಪದಿಂದ ಎರಡು ಬಸ್ಸು ತುಂಬ ಅತಿಥಿಗಳು ಬಂದರು. ಬಯಲಿನಲ್ಲಿ ಅವರು ಒಂದು ಕಡೆ, ನಮ್ಮವರು ಒಂದು ಕಡೆ. ಊರಿನ ಪರವಾಗಿ ಯಾರು ಸ್ವಾಗತದ ಮಾತಾಡಬೇಕು ಎಂದು ಮಾತುಗಾರರು ಮೊದಲು ತಮ್ಮತಮ್ಮಲ್ಲಿ ಜಗ್ಗಾಡಬೇಕಲ್ಲ, ಆ ಜಗ್ಗಾಟದಲ್ಲಿ ನಿನ್ನ ಅಪ್ಪ ಮೂವತ್ತು ವರ್ಷ ಸೋತವರಲ್ಲ. ಈ ಸಲ ಅವರು ಸೋಲಲೆಂದೇ ಬಂದಿದ್ದರು. ಬಿರುದಿನ ಮರ್ಯಾದೆಗೆ ಸಾಲಿನಲ್ಲಿ ನಿಂತು, ಒಂದು ಮಾತು ಗುಂಯ್ ಎಂದು, ಬೇರೆಯವರಿಗೆ ಬಿಟ್ಟುಕೊಟ್ಟು ಕೂತುಬಿಡುವುದು ಎಂದು ಬೆಳಗ್ಗೆ ನನಗೆ ಹೇಳಿದ್ದರು. ಕೋಲು ಹಿಡಿದಿದ್ದರು, ತೆಂಗಿನನಾರಿನ ಚಾಮರ ಹೆಗಲ ಮೇಲಿತ್ತು, ತೂತಿನ ಮೇಲೆ ನಾನು ಹೊಲಿದ ಬಿಳಿ ಬಟ್ಟೆ. ಅವರ ಪಕ್ಕದಲ್ಲಿ ಇನ್ನೊಬ್ಬ ಮಾತುಗಾರ ಮಾನುಲೇಲೆ. ಅವರಿಗಿಂತ ಹದಿನೈದು ವರ್ಷ ಚಿಕ್ಕವನು, ಒಮ್ಮೆ ಇದೇ ಬಯಲಿನಲ್ಲಿ ವಂಶದ ಹೆಸರೊಂದನ್ನು ತಪ್ಪು ಹೇಳಿದ್ದಕ್ಕೆ ನಿನ್ನ ಅಪ್ಪ ‘ಹೋಗಿ ನಿಮ್ಮಜ್ಜಿ ಹತ್ರ ಹೇಳಿಸ್ಕೊಂಡು ಬಾ ಮಗು’ ಎಂದು ಕೂರಿಸಿದ್ದರು. ಅವನು ಮರೆತಿರಲಿಲ್ಲ. ಜಗ್ಗಾಟ ಶುರುವಾದ ಕ್ಷಣವೇ ಮಾನುಲೇಲೆ ಎರಡು ಹೆಜ್ಜೆ ಹಿಂದೆ ಸರಿದು ತಲೆಬಾಗಿದ. ‘ಲೋಗೊಮಾಲು ನಿಂತಿರುವಾಗ ನಾವ್ಯಾರಪ್ಪಾ ಬಾಯಿ ತೆಗೆಯೋಕೆ? ನಮ್ಮದೆಲ್ಲ ಊರಿನ ಗಂಟಲು. ಅಣ್ಣನದು ಆಕ್ಲೆಂಡಿನಿಂದ ತರಿಸಿದ್ದು. ಅತಿಥಿಗಳು ಅದನ್ನೇ ಕೇಳಲಿ’ ಎಂದ. ಎಷ್ಟು ಮೃದುವಾಗಿ ಹೇಳಿದನೆಂದರೆ ಬೆಣ್ಣೆ ಹಾಗೆ. ಉಳಿದ ಮಾತುಗಾರರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಯಲಿನ ನಡುವೆ ನಿನ್ನ ಅಪ್ಪ ಒಬ್ಬರೇ ಉಳಿದರು. ಹಾಗೆ ಬಿಟ್ಟುಕೊಟ್ಟ ಮಾತಿನ ಸರದಿಯನ್ನು ಬೇಡವೆನ್ನುವ ಪದ್ಧತಿ ಇಲ್ಲ.

ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಯಂತ್ರ. ಚಾಮರ ಬೀಸಲು ಮೂರನೆಯ ಕೈ ಎಲ್ಲಿಂದ ಬರಬೇಕು. ಅದು ಹೆಗಲಿನಿಂದ ಜಾರಿ ಬಿತ್ತು, ಅವರು ಬಾಗಿ ಎತ್ತಿಕೊಳ್ಳಲಿಲ್ಲ. ಗುಂಡಿ ಅಮುಕಿ ಅತಿಥಿಗಳ ಬಿರುದುಗಳನ್ನು ಹೇಳತೊಡಗಿದರು. ಒಂದೂ ತಪ್ಪಲಿಲ್ಲ, ನಾನು ತುಟಿ ನೋಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ನಮ್ಮ ಮಾತಿನಲ್ಲಿ ಅರ್ಧ ಅರ್ಥ ಗಂಟಲಿನಲ್ಲಿರುತ್ತದೆ. ಮಾಯಿ ಎಂದು ಎಳೆದರೆ ‘ಇತ್ತ’. ನಡುವೆ ಗಂಟಲು ತಡೆದು ಮಾ-ಇ ಎಂದರೆ ‘ಕಾಯಿಲೆ’. ತಡೆಯಲು ಗಂಟಲೇ ಇಲ್ಲದವರು ಏನು ಮಾಡಬೇಕು? ಎಲ್ಲವೂ ಒಂದೇ ಗುಂಯ್. ಕೇಳುವವರು ತಮಗೆ ಬೇಕಾದದ್ದನ್ನು ಹಿಡಿದುಕೊಳ್ಳಬಹುದು. ಅತಿಥಿಗಳ ಸಾಲಿನಲ್ಲಿ ಒಬ್ಬ, ‘ಏನಂದ್ರು? ನಾವು ಕಾಯಿಲೆ ಹೊತ್ಕೊಂಡು ಬಂದ್ವಾ?’ ಎಂದು ಪಕ್ಕದವನನ್ನು ಕೇಳಿದ, ಎಲ್ಲರಿಗೂ ಕೇಳುವ ಹಾಗೆ. ಪಕ್ಕದವನು ತುಟಿ ಕಚ್ಚಿಕೊಂಡ, ಭುಜ ಕುಣಿಯತೊಡಗಿತು. ಅಷ್ಟರಲ್ಲಿ ಬಸ್ಸಿನ ಕೆಳಗಿದ್ದ ನಾಯಿ ಎದ್ದು ಬೊಗಳಿತು, ಅದಕ್ಕೆ ಇನ್ನೊಂದು ದನಿಗೂಡಿಸಿತು. ಮಕ್ಕಳು ಮೊದಲು ನಕ್ಕರು, ಮಕ್ಕಳನ್ನು ಗದರಿಸಲು ಹೋದ ತಾಯಂದಿರು ನಕ್ಕರು, ಕೊನೆಗೆ ಇಡೀ ಬಯಲು. ನಿನ್ನ ಅಪ್ಪ ನಿಲ್ಲಿಸಲಿಲ್ಲ. ಕುತ್ತಿಗೆಯ ಬಟ್ಟೆ ಉಸಿರಿಗೆ ಒಳಗೆ ಹೊರಗೆ ಹೋಗುತ್ತಿತ್ತು, ಕೊನೆಯವರೆಗೂ ಒಂದು ವಂಶವನ್ನೂ ಬಿಡದೆ ಹೇಳಿ ಮುಗಿಸಿ ಕೂತರು. ನಾನೇನು ಮಾಡಿದೆ ಎಂದು ಕೇಳುತ್ತೀಯಾ? ಬೀಸಣಿಗೆ ಮುಖಕ್ಕೆ ಅಡ್ಡ ಹಿಡಿದೆ. ಅಳುತ್ತಿದ್ದಾಳೆ ಎಂದು ಪಾದ್ರಿಯ ಹೆಂಡತಿ ನನ್ನ ಬೆನ್ನು ಸವರಿದಳು. ನಾನು ನಗುತ್ತಿದ್ದೆ.

ಆ ದಿನ ನಗದೆ ಕೂತವರು ಹಿರಿಯ ನಾಯಕರೊಬ್ಬರೇ. ಮರುವಾರ ಅವರು ನಮ್ಮ ಮನೆಗೆ ಬಂದು ಕಂಬಕ್ಕೊರಗಿ ಕೂತು, ‘ಇವರ ತಲೇಲಿರೋ ವಂಶಾವಳಿ ಬೇರೆ ಯಾವ ತಲೇಲೂ ಇಲ್ಲ. ಗಂಟಲು ಹೋಯ್ತು ಅಂತ ತಲೇನೂ ಬಿಸಾಕೋಕಾಗುತ್ತಾ? ತಿಲೊಮಾಯಿ, ನಿಂಗೆ ಇವರ ಮಾತು ತಿಳಿಯುತ್ತಲ್ಲ. ಸಭೇಲಿ ಇವರ ಪಕ್ಕ ಕೂತ್ಕೊ. ಇವರು ಹೇಳಿದ್ದನ್ನ ನೀನು ತಿರುಗಿ ಹೇಳು’ ಎಂದರು. ಸಭೆಯೊಳಗೆ ಹೆಂಗಸು ಬಾಯಿ ತೆರೆಯುವುದು ನಮ್ಮೂರಲ್ಲಿ ಇಲ್ಲದ್ದು. ಮಾನುಲೇಲೆ ಗೊಣಗಿದನಂತೆ. ಆದರೆ ಹಿರಿಯರು ಹೇಳಿದ ಮೇಲೆ ಮುಗಿಯಿತು. ಹೀಗೆ ನಿನ್ನ ಅಮ್ಮ, ಹನ್ನೊಂದು ವರ್ಷದ ಹಿಂದೆ ಹೊರಗೆ ಕಲ್ಲಿನ ಮೇಲೆ ಕೂತವಳು, ಒಳಗೆ ಚಾಪೆಯ ಮೇಲೆ ಕೂತಳು. ನನಗೆ ಲೋಗೊಮಾಲುವಿನ ಗಂಟಲು ಎಂದು ಹೆಸರು ಬಿತ್ತು. ಅಂಗಡಿಗೆ ಹೋದರೆ ‘ಬಾರಕ್ಕ ಗಂಟಲು, ಏನು ಬೇಕು?’ ಎನ್ನುತ್ತಾರೆ. ಮೊದಮೊದಲು ಒಂದಕ್ಷರ ಬಿಡದೆ ಹೇಳುತ್ತಿದ್ದೆ. ಅವರು ಒಂದು ಸಾಲು ಗುಂಯ್ ಎನ್ನುವರು, ನಾನು ಒಂದು ಸಾಲು ಹೇಳುವೆ, ಗಂಡಸರೆಲ್ಲ ನನ್ನತ್ತ ನೋಡಿ ತಲೆದೂಗುವರು. ಮಾತು ಅವರದು, ತಲೆದೂಗಿದ್ದು ನನಗೆ. ಅದರ ರುಚಿ ಬೇರೆ, ಮಗಳೇ. ಆಮೇಲಾಮೇಲೆ ಉದ್ದವಾದದ್ದನ್ನು ಅಲ್ಲಲ್ಲಿ ಚಿಕ್ಕದು ಮಾಡಿದೆ, ಮಾನುಲೇಲೆಗೆ ಅವರು ಚುಚ್ಚಿದ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದೆ. ಅವರು ಒಮ್ಮೆ ತಿರುಗಿ ನನ್ನನ್ನು ನೋಡುವರು, ಸುಮ್ಮನಾಗುವರು.

ಸೆಪ್ಟೆಂಬರ್ ಕೊನೆಯ ಸೋಮವಾರದ ಸಭೆಯ ಸುದ್ದಿ ನಿನಗೆ ಬೇರೆಯವರಿಂದ ತಲುಪಿರಬಹುದು, ತಲುಪುವ ಮೊದಲು ನಾನೇ ಬರೆಯೋಣವೆಂದೇ ಈ ಕಾಗದ. ಹೊಸ ಚರ್ಚು ತೆರೆದ ವರ್ಷವಾದ್ದರಿಂದ ಹಳೆಯ ಶಿಕ್ಷೆಗಳನ್ನು ಮನ್ನಾ ಮಾಡೋಣ ಎಂದು ಪಾದ್ರಿ ಕೇಳಿಕೊಂಡಿದ್ದರು. ಊರಿನಿಂದ ಹೊರಗೆ ಹಾಕಿದವರ ಮನೆಯ ಹಿರಿಯರು ಎದ್ದು ಬಾಯಿಬಿಟ್ಟು ಕೇಳಬೇಕು, ಕೇಳಿದವರಿಗೆ ಸಭೆ ಮನ್ನಾ ಮಾಡುತ್ತದೆ, ಕೇಳದವರದು ಹಾಗೇ ಉಳಿಯುತ್ತದೆ, ಇಷ್ಟೇ ನಿಯಮ. ಮೂರು ಮನೆಗಳವರು ಕೇಳಿದರು. ಹಂದಿ ಕದ್ದು ಓಡಿಹೋಗಿದ್ದವನಿಗೂ ಮನ್ನಾ ಆಯಿತು, ಪಾದ್ರಿಯ ಮನೆಗೆ ಕಲ್ಲೆಸೆದಿದ್ದವನಿಗೂ ಆಯಿತು. ನಮ್ಮ ಸರದಿ ಬಂತು. ನಿನ್ನ ಅಪ್ಪ ಯಂತ್ರ ಎತ್ತಿದರು. ಅವರು ಹೇಳಿದ್ದನ್ನು ನಾನು ತಿರುಗಿ ಹೇಳಿದೆ: ‘ಶಿಕ್ಷೆಗಳ ವಿಚಾರದಲ್ಲಿ ನನ್ನ ಮನೆ ಏನನ್ನೂ ಕೇಳುವುದಿಲ್ಲ. ಊರಿನ ಮಾತೇ ನನ್ನ ಮಾತು.’ ಮಾನುಲೇಲೆ ಕೂಡ, ‘ಗಂಡಸು ಅಂದ್ರೆ ಇವನಪ್ಪ. ಗಂಟಲು ಹೋದ್ರೂ ಮಾತು ಬದಲಾಯಿಸಲಿಲ್ಲ’ ಎಂದ. ಹಿರಿಯ ನಾಯಕರು ಮಾತ್ರ ಏನೋ ಹೇಳಲು ಹೋಗಿ ನಿಲ್ಲಿಸಿದರು. ಅಲ್ಲಿಗೆ ಸಭೆ ಮುಗಿಯಿತು. ನಿನ್ನ ಮೇಲಿನ ಶಿಕ್ಷೆ ಹಾಗೇ ಇದೆ. ಅದಕ್ಕೆ ಇನ್ನು ಮುಂದೆ ಕ್ರಿಸ್‌ಮಸ್‌ಗೆ ಬರುತ್ತೇನೆ, ಅನಿವಾಳನ್ನು ಕರೆತರುತ್ತೇನೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡ. ನಿನ್ನ ಅಪ್ಪ ಎಂಥವರು ಎಂದು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆ ದಿನದಿಂದ ಅವರು ಯಂತ್ರ ಮುಟ್ಟಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, ಮುಚ್ಚಳ ಒತ್ತಿ, ಅಡ್ಡತೊಲೆಯ ಮೇಲೆ ಇಟ್ಟಿದ್ದಾರೆ. ಚಾರ್ಜು ಕೂಡ ಹಾಕುವುದಿಲ್ಲ. ಸಭೆಗೆ ಹೋಗುವುದಿಲ್ಲ. ಹಿರಿಯರು ಎರಡು ಸಲ ಹೇಳಿಕಳಿಸಿದರು, ಮೈಗೆ ಸರಿಯಿಲ್ಲ ಎಂದು ನಾನೇ ಹೇಳಿದೆ. ಬೆಳಗ್ಗೆ ಕೆಸುವಿನ ಗದ್ದೆಗೆ ಹೋಗಿ ಕಳೆ ಕೀಳುತ್ತಾರೆ, ಮಧ್ಯಾಹ್ನ ಬಂದು ಉಣ್ಣುತ್ತಾರೆ, ತೂತು ಒರೆಸಲು ಕುತ್ತಿಗೆ ಎತ್ತಿ ಹಿಡಿಯುತ್ತಾರೆ, ಒರೆಸುತ್ತೇನೆ. ಮೂವತ್ತಾರು ವರ್ಷದಲ್ಲಿ ಈ ಮನೆ ಇಷ್ಟು ನಿಶ್ಶಬ್ದವಾಗಿ ಯಾವತ್ತೂ ಇರಲಿಲ್ಲ. ಕೋಳಿ ಕಾಳು ಹೆಕ್ಕುವ ಸದ್ದೂ ಕೇಳಿಸುತ್ತದೆ. ನನಗೆ ನಿದ್ದೆ ಚೆನ್ನಾಗಿ ಬರುತ್ತಿದೆ. ಅದಕ್ಕೆ ಹೇಳುವುದು, ನೀನು ಬರೆದಿದ್ದ ಆ ಹೊಸ ಮಾದರಿಯ ಯಂತ್ರ, ಧ್ವನಿಯಲ್ಲಿ ಏರಿಳಿತವೂ ಬರುತ್ತದೆ ಎಂದಿದ್ದೆಯಲ್ಲ, ಅದಕ್ಕಾಗಿ ನೀನು ಹೆಚ್ಚಿನ ಪಾಳಿ ಕೆಲಸ ಮಾಡಬೇಡ. ಮಂಡಿಯನ್ನು ಉಳಿಸಿಕೋ.

ಅನಿವಾಳ ತಲೆಗೆ ವಾರಕ್ಕೆರಡು ಸಲ ತೆಂಗಿನೆಣ್ಣೆ ಹಚ್ಚು. ನಮ್ಮ ಮಾತು ಅವಳಿಗೆ ಮರೆಯದ ಹಾಗೆ ಮನೆಯಲ್ಲಿ ನಮ್ಮ ಮಾತೇ ಆಡು. ಪಾದ್ರಿಯ ತಂಗಿಯ ಕೈಯಲ್ಲಿ ಒಣಗಿಸಿದ ಕೋಕೋ ಉಂಡೆಯನ್ನೂ ನಾನು ನೇಯ್ದ ಚಿಕ್ಕ ಬೀಸಣಿಗೆಯನ್ನೂ ಕಳಿಸಿದ್ದೇನೆ. ದೇವರು ನಿಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟಿರಲಿ, ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅಮ್ಮ,
ತಿಲೊಮಾಯಿ

ಮರೆತದ್ದು: ಫಿಲೆಮು, ಮರೆತದ್ದಲ್ಲ, ಬಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲಿನದನ್ನು ಹರಿದು ಹೊಸದಾಗಿ ಬರೆಯಲು ಹೊತ್ತಿಲ್ಲ, ಪಾದ್ರಿಯ ತಂಗಿ ರಸ್ತೆಯಲ್ಲಿ ಚೀಲ ಇಟ್ಟುಕೊಂಡು ನಿಂತಿದ್ದಾಳೆ. ಸಭೆಯಲ್ಲಿ ನಿನ್ನ ಅಪ್ಪ ಹೇಳಿದ್ದು ಅದಲ್ಲ. ಅವರು ಹೇಳಿದ್ದು ಇದು: ‘ನನ್ನ ಮಗಳನ್ನ ಕರೆಸಿ. ನನ್ನ ಹೆಸರು ಉಳಿಸ್ಕೊಳ್ಳೋಕೆ ಅವಳನ್ನ ಕಳಿಸಿದೆ. ತಪ್ಪು ನಂದು.’ ಇಷ್ಟೇ. ಒಂದು ಅಲಂಕಾರವಿಲ್ಲ. ನಾನು ಪ್ರತಿ ಅಕ್ಷರ ತಿಳಿದುಕೊಂಡೆ. ಬೇರೆ ಯಾರಿಗೂ ಒಂದೂ ತಿಳಿಯಲಿಲ್ಲ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಹಾಗೇ ತಿರುಗಿ ಹೇಳಿದ್ದರೆ ಇಡೀ ಸಭೆ ಮತ್ತೊಮ್ಮೆ ಅವರ ಮಾತಿಗೆ ಅಳುತ್ತಿತ್ತು. ನಿನ್ನನ್ನು ಓಡಿಸಿದ ದಿನವೂ ಅತ್ತರು, ಕರೆಸುವ ದಿನವೂ ಅಳುತ್ತಾರೆ, ಎರಡು ಸಲವೂ ದೊಡ್ಡವರಾಗುವವರು ಅವರೇ. ಓಡಿಸಿದ್ದೂ ಅವರು, ಕರೆಸಿದ ಪುಣ್ಯವೂ ಅವರಿಗೇ ಯಾಕೆ? ಇದು ನನ್ನ ತಲೆಗೆ ಬಂತು, ಬಾಯಿ ಬೇರೆಯದನ್ನೇ ಹೇಳಿತು. ಬೇಕೆಂದೇ ಹೇಳಿದೆ. ನೀನು ನೆನಪಿಗೆ ಬಂದದ್ದು ಹೇಳಿ ಮುಗಿಸಿದ ಮೇಲೆ.

ಅವರು ಕೇಳಿಸಿಕೊಂಡರು. ನನ್ನತ್ತ ತಿರುಗಿ ಮತ್ತೆ ಗುಂಡಿ ಅಮುಕಿದರು, ‘ಅದಲ್ಲ, ನಾನು ಅದನ್ನ ಹೇಳಲಿಲ್ಲ, ಕರೆಸಿ’ ಎಂದು. ಏನಂತೆ ಎಂದು ಹಿರಿಯರು ಕೇಳಿದರು. ‘ಲೋಗೊಮಾಲು ಮಾತು ಮುಗಿಸಿದ್ದಾರೆ’ ಎಂದೆ. ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡುಬಿಟ್ಟರು.

ಅವರು ಬರೆಯಬಲ್ಲರು. ಒಂದು ಚೀಟಿ ಬರೆದು ಹಿರಿಯರ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಆದರೆ ಸಭೆಯೊಳಗೆ ಸುಳ್ಳು ಹೇಳಿದ ಹೆಂಗಸನ್ನು ಈ ಊರು ಒಂದು ರಾತ್ರಿಯೂ ಇಟ್ಟುಕೊಳ್ಳುವುದಿಲ್ಲ, ಅದು ಅವರಿಗೆ ಗೊತ್ತು. ಅದಕ್ಕೇ ಬರೆದಿಲ್ಲ, ಎರಡು ವಾರವಾಯಿತು. ಅಂದು ನಿನಗಾಗಿ ಮುಚ್ಚದ ಬಾಯನ್ನು ಇಂದು ನನಗಾಗಿ ಮುಚ್ಚಿದ್ದಾರೆ. ಇದಕ್ಕೂ ನನಗೆ ಸಿಟ್ಟೇ ಬರುತ್ತಿದೆ. ನಾನು ಎದ್ದು ಸುಳ್ಳು ಹೇಳಿದೆನೆಂದು ಒಪ್ಪಿಕೊಂಡರೆ ನಿನಗೆ ದಾರಿಯಾಗುತ್ತದೆ, ನನಗೆ ಊರಿಲ್ಲ. ಹೇಳುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕ್ಷಮಿಸು ಎಂದು ಬರೆಯುವುದಿಲ್ಲ, ನೀನು ಕ್ಷಮಿಸಿಬಿಡುವ ಹುಡುಗಿ.

ಈಗ ಗದ್ದೆಯಿಂದ ಬಂದು ಕಂಬದ ಹತ್ತಿರ ನಿಂತಿದ್ದಾರೆ, ಕಾಲೆಲ್ಲ ಕೆಸರು. ಲಕೋಟೆಯ ಮೇಲೆ ನಿನ್ನ ಹೆಸರು ನೋಡಿದರು. ತುಟಿ ಆಡಿಸಿ ಹೇಳಿದರು, ‘ನಾನು ಕರೆದೆ ಅಂತ ಬರಿ’ ಎಂದು. ಏನಂದಿರಿ, ತಿಳಿಯಲಿಲ್ಲ ಎಂದೆ. ಹತ್ತಿರ ಬಂದು, ನಿಧಾನವಾಗಿ, ಮತ್ತೊಮ್ಮೆ ಹೇಳಿದರು. ಇಲ್ಲ, ತಿಳಿಯಲಿಲ್ಲ ಎಂದೆ. ಬಸ್ಸು ಬಂತು.